ಆಷಾಢದ ಗಾಲಿ

ಹೋದ ವಾರ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುತ್ತಿದ್ದೆ. ಬಿ.ಜಿ. ಕೆರೆ ದಾಟಿ ಸ್ವಲ್ಪ ಹೊತ್ತಿಗೆ ಬಸ್ಸಿನ ಅಡಿಯಿಂದ ಸುಟ್ಟ ಗ್ರೀಸಿನ ವಾಸನೆ ಮೇಲೆ ಬಂತು. ಕೂತವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. "ಬ್ರೇಕ್ ಹಿಡ್ಕಂಡೈತೆ, ಏನಾಗಲ್ಲ, ಕುಂತ್ಕಳ್ರಿ" ಅಂದ ಕಂಡಕ್ಟರು. ನಾನು ಮಾತ್ರ ಎದ್ದು "ಇಳಿಸ್ರಿ" ಅಂದೆ. ಅಲ್ಲಿ ಊರಿಲ್ಲ, ಸ್ಟಾಪಿಲ್ಲ, ಎರಡೂ ಕಡೆ ಬರೀ ಶೇಂಗಾ ಹೊಲ. ಅವನು ನನ್ನ ಮುಖ ನೋಡಿದ. ಏನೂ ಕೇಳದೆ ವಿಷಲ್ ಊದಿದ.

ಬಸ್ಸು ತನ್ನ ಪಾಡಿಗೆ ಹೋಯಿತು. ಅದಕ್ಕೇನೂ ಆಗಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಹೆದ್ದಾರಿಯ ಪಕ್ಕದ ಮೈಲಿಗಲ್ಲಿನ ಮೇಲೆ ಸೀರೆಯ ಗಂಟು ಇಟ್ಟುಕೊಂಡು ಕೂತೆ. ಎಣ್ಣೆ ಕುಡಿದ ಕಬ್ಬಿಣ ಒಳಗೊಳಗೇ ಬೇಯುವಾಗ ಬರುವ ಆ ವಾಸನೆ ಇನ್ನೂ ಮೂಗಿನಲ್ಲಿತ್ತು. ಆ ವಾಸನೆಯ ಹಿಂದೆ ಒಂದು ಆಷಾಢ ಇದೆ. ನಾನು ಅದನ್ನು ಈವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ನಮ್ಮ ಸೀಮೆಯಲ್ಲಿ ಆಷಾಢ ಅಂದರೆ ಗಾಳಿ. ಮಳೆ ಬೇರೆಯವರ ಪಾಲಿಗೆ. ಮೋಡಗಳು ನಮ್ಮ ತಲೆಯ ಮೇಲೇ ಓಡುತ್ತವೆ, ನಿಲ್ಲುವುದಿಲ್ಲ. ಕೆಳಗೆ ಕೆಂಪು ಧೂಳು ಏಳುತ್ತದೆ. ಒಣಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಬಾಗಿಲಿಗೆ ಕಲ್ಲು ಒತ್ತಿಟ್ಟರೂ ಯಾರೋ ತಳ್ಳಿದ ಹಾಗೆ ತೆರೆದುಕೊಳ್ಳುತ್ತದೆ. ಗುಡ್ಡದ ಮೇಲಿನ ಗಾಳಿಗಿರಣಿಗಳ ರೆಕ್ಕೆಗಳು ಹಗಲೆಲ್ಲ ಸುತ್ತುತ್ತಿರುತ್ತವೆ. ಚಿಕ್ಕಂದಿನಿಂದ ಕೇಳಿ ಕೇಳಿ ನಮಗೆ ಗಾಳಿಯ ಸದ್ದು ಸದ್ದೇ ಅಲ್ಲ. ಅದಕ್ಕೇ ನಾವು ಮೋಸಹೋದೆವು.

ಚಳ್ಳಕೆರೆಯ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ಶಿವಲಿಂಗಪ್ಪ, ಅವ್ವ ಗಂಗಮ್ಮ, ನಾನು, ಮೂವರೂ ಅಂಗಡಿಯಲ್ಲೇ. ನನ್ನ ಗಂಡನದು ಎಣ್ಣೆ ಮಿಲ್ಲಿನ ಕೆಲಸ, ನಮ್ಮ ಮನೆ ಅವ್ವನ ಮನೆಯ ಹಿಂದಿನ ಬೀದಿಯಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ವ್ಯಾಪಾರವೂ ಇಲ್ಲ. ಆದರೆ ಶ್ರಾವಣ ಹುಟ್ಟಿದ ಕೂಡಲೇ ಮದುವೆಯ ಜನ ನುಗ್ಗುತ್ತಾರೆ. ಆದ್ದರಿಂದ ಆ ತಿಂಗಳಲ್ಲೇ ಅಪ್ಪ ಅವ್ವ ಮೊಳಕಾಲ್ಮೂರಿಗೆ ಹೋಗಿ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ಆರಿಸಿ ತರುತ್ತಿದ್ದರು. ದರ ಮಾತಾಡುವುದು ಅಪ್ಪನ ಕೆಲಸ, ಬಣ್ಣ ಆರಿಸುವುದು ಅವ್ವನದು. ಅವ್ವ ಸೀರೆಯನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳು ತಲೆಯಾಡಿಸಿದರೆ ಮುಗಿಯಿತು.

ಆ ವರ್ಷದ ಯುಗಾದಿಗೆ ಒಂದು ಸಣ್ಣ ವ್ಯಾನು ಕೊಂಡಿದ್ದೆವು. ಕಂಪನಿಯ ಹೆಸರು ಇಲ್ಲಿ ಬೇಡ. ಆಗಷ್ಟೇ ಬಂದಿದ್ದ ಮಾದರಿ, ಮುಂದೆ ಇಬ್ಬರು ಕೂರಬಹುದು, ಹಿಂದೆ ಸಾಮಾನು. ಅಪ್ಪ ವ್ಯಾನು ಓಡಿಸುವುದನ್ನು ನೋಡಿ ಪೇಟೆಯವರು ನಗುತ್ತಿದ್ದರು. ಸೈಕಲ್ಲಿನವರೂ ಅವರನ್ನು ಹಿಂದೆ ಹಾಕುತ್ತಿದ್ದರು. ಹಾರನ್ ಮಾತ್ರ ಧಾರಾಳ. ನಾಯಿ, ಕೋಳಿ, ಎಮ್ಮೆ, ಎಲ್ಲದಕ್ಕೂ.

ಜ್ಯೇಷ್ಠದ ಕೊನೆಗೆ ವ್ಯಾನಿನ ಹಿಂಭಾಗದಿಂದ ಒಂದು ಸದ್ದು ಶುರುವಾಯಿತು. ಗುಂಯ್ ಅನ್ನುವ ಸದ್ದು. ತಂಬೂರಿಯ ತಂತಿಯನ್ನು ಯಾರೋ ದೂರದಲ್ಲಿ ಮೀಟಿ ಬಿಟ್ಟ ಹಾಗೆ. ವ್ಯಾನು ಜೋರಾದರೆ ಅದೂ ಏರುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಅವ್ವನ ಕಿವಿ ಸೂಕ್ಷ್ಮ.

"ಗಾಡಿ ಯಾರನ್ನೋ ಕರೀತೈತೆ ಕಣ್ರಿ" ಅಂದಳು ಒಂದು ದಿನ.

"ನಿನ್ನೇ ಕರೀತಿರ್ಬೇಕು" ಅಂತ ಅಪ್ಪ ನಕ್ಕಿದ್ದರು.

ಶೋರೂಮಿಗೆ ಒಯ್ದೆವು. ನಾನೂ ಹೋಗಿದ್ದೆ. ಇಸ್ತ್ರಿ ಅಂಗಿಯ ಯುವಕನೊಬ್ಬ ವ್ಯಾನು ಹತ್ತಿ ಒಂದು ಸುತ್ತು ಹೋಗಿ ಬಂದ. "ಗಾಳಿ ಮೇಡಂ. ನಿಮ್ಮ ಕಡೆ ಆಷಾಢದ ಗಾಳಿ ಜಾಸ್ತಿ ಅಲ್ವಾ? ಗ್ಲಾಸ್ ಏರಿಸಿ ಓಡಿಸಿ, ಕೇಳ್ಸಲ್ಲ" ಅಂದ. ಹೊರಗೆ ನಿಜವಾಗಿಯೂ ಗಾಳಿ ಬೀಸುತ್ತಿತ್ತು, ಶೋರೂಮಿನ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ನಂಬಿದೆವು. ಮತ್ತೊಮ್ಮೆ ಒಯ್ದಾಗಲೂ ಅದೇ ಮಾತು. ಆದರೆ ನಡುವೆ ಒಂದು ಮಧ್ಯಾಹ್ನ ಗಾಳಿ ಪೂರ್ತಿ ಬಿದ್ದುಹೋಗಿತ್ತು, ಬೇವಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಗಲೂ ವ್ಯಾನಿನೊಳಗೆ ಆ ಸದ್ದು ಇತ್ತು. ಗಾಜು ಏರಿಸಿದ್ದರಿಂದ ಅದು ನಮ್ಮ ಜೊತೆಯಲ್ಲೇ ಒಳಗೆ ಸಿಕ್ಕಿಕೊಂಡ ಹಾಗೆ ಇನ್ನೂ ಸ್ಪಷ್ಟವಾಗಿತ್ತು. ಅವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಕೂತಳು.

ಸೀರೆ ತರಲು ಅವರು ಹೊರಟ ದಿನ ನಾನೂ ಹಿಂದೆ ಕೂತು ಅವರ ಜೊತೆ ಹೋಗಬೇಕಿತ್ತು. ಅಂಗಡಿಗೆ ಯಾರೋ ಬರುವವರಿದ್ದರು, ಉಳಿದೆ. ಮಧ್ಯಾಹ್ನ ಅವ್ವ ಮೊಳಕಾಲ್ಮೂರಿನಿಂದ ಫೋನು ಮಾಡಿದ್ದಳು. ಮಾವಿನಹಣ್ಣಿನ ಬಣ್ಣದ ಒಂದು ಸೀರೆ ಸಿಕ್ಕಿದೆಯೆಂದೂ ಅದನ್ನು ಮಾರುವುದಿಲ್ಲ, ನನಗೇ ಇಟ್ಟುಕೊಳ್ಳಬೇಕೆಂದೂ ಹೇಳಿದಳು. ಅವರು ಹಾನಗಲ್ ಕ್ರಾಸಿನಲ್ಲಿ ಚಹಾ ಕುಡಿದು, ದೂರದ ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಕೈಮುಗಿದು ಹೊರಟಿದ್ದರಂತೆ. ಹೊತ್ತು ಇಳಿಯುವ ಮೊದಲೇ ಅವ್ವನ ಫೋನಿನಿಂದ ಗುರುತಿಲ್ಲದ ಗಂಡಸಿನ ದನಿ ಬಂತು. "ಈ ನಂಬರ್ ನಿಮ್ಮೋರ್ದಾ? ಲಗೂನ ಬರ್ರಿ. ತಳಕಿನ ಆಚೆ."

ಗಂಡನ ಬೈಕಿನ ಹಿಂದೆ ಕೂತು ಹೋದೆ. ದೂರದಿಂದಲೇ ನನಗೆ ಕಂಡದ್ದು ಬಣ್ಣ. ರಸ್ತೆಯ ಪಕ್ಕದ ಬಯಲಿನಲ್ಲಿ ಜಾಲಿ ಗಿಡಗಳಿಗೆಲ್ಲ ರೇಷ್ಮೆ ಸೀರೆಗಳು ಸುತ್ತಿಕೊಂಡಿದ್ದವು. ಗಂಟು ಒಡೆದು, ಮಡಿಕೆ ಬಿಚ್ಚಿ, ಗಾಳಿ ಅವನ್ನು ಹೊಲದ ತುಂಬ ಹರಡಿತ್ತು. ಕೆಂಪು, ಹಸಿರು, ನೇರಳೆ. ಒಂದೊಂದು ಗಿಡವೂ ಸೀರೆ ಉಟ್ಟ ಹೆಂಗಸಿನ ಹಾಗೆ ಸೆರಗು ಹಾರಿಸುತ್ತ ನಿಂತಿತ್ತು. ನಡುವೆ ಹಳ್ಳದಲ್ಲಿ ವ್ಯಾನು ಮಗ್ಗುಲಾಗಿ ಬಿದ್ದಿತ್ತು. ಸುಟ್ಟ ಗ್ರೀಸಿನ ವಾಸನೆ ಎಲ್ಲ ಕಡೆ.

ಅವ್ವನನ್ನು ಯಾರೋ ಹೊರಗೆ ತಂದು ಕಂಬಳಿಯ ಮೇಲೆ ಮಲಗಿಸಿದ್ದರು. ಮೈಮೇಲೆ ಗಾಯ ಕಾಣಲಿಲ್ಲ. ನಾನು ಮುಟ್ಟುವ ಹೊತ್ತಿಗೇ ಉಸಿರಿರಲಿಲ್ಲ. ಅಪ್ಪನ ಹಣೆಯಲ್ಲಿ ಸಣ್ಣ ಗಾಯ, ಅಷ್ಟೇ. ಅವರು ರಸ್ತೆಯ ಅಂಚಿನಲ್ಲಿ ಕೂತು ಅವ್ವನನ್ನೂ ನೋಡದೆ, ವ್ಯಾನನ್ನೂ ನೋಡದೆ, ಹೊಲದ ಆಚೆಗೆ ಕಣ್ಣು ನೆಟ್ಟಿದ್ದರು.

"ಹೋತು" ಅಂದರು.

ಅವ್ವನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡೆ.

ಮಣ್ಣು ಆಯಿತು. ಜನ ಬಂದರು, ಕೂತರು, ಹೋದರು. ಎಲ್ಲರ ಬಾಯಲ್ಲೂ ಒಂದೇ ಮಾತು, ದನಿ ತಗ್ಗಿಸಿ. "ವಯಸ್ಸಾತಲ್ಲ, ಕಣ್ಣು ಎಳ್ದಿರ್ಬೇಕು." ಠಾಣೆಯವರು ಕೇಳಿದಾಗ ಅಪ್ಪನೂ ಹೌದು ಅಂದರು, ಅವರೂ ಹಾಗೇ ಬರೆದುಕೊಂಡರು. ಚಾಲಕ ನಿದ್ದೆಗೆ ಜಾರಿದ, ವ್ಯಾನು ಹಳ್ಳಕ್ಕೆ ಬಿತ್ತು, ಬಿದ್ದ ಹೊಡೆತಕ್ಕೆ ಗಾಲಿ ಕಳಚಿತು. ಅಪ್ಪನ ಮೇಲೆ ಕೇಸಾಯಿತು. ನಾನು ಸಿಟ್ಟಿನಿಂದ ಅವರ ಮುಂದೆ ಕೂತೆ.

"ನೀವ್ಯಾಕೆ ಒಪ್ಕಂಡ್ರಿ? ನಲವತ್ತು ದಾಟಿದ್ರೆ ಗಾಡಿ ನಡುಗ್ತೈತೆ ಅನ್ನೋ ಮನುಷ್ಯ ನೀವು. ನಿದ್ದೆ ಎಲ್ಲಿಂದ ಬರ್ತೈತೆ?"

"ಬಂದಿತ್ತು ಕಣವ್ವ" ಅಂದರು ಅಪ್ಪ, ಶಾಂತವಾಗಿ. "ಕನಸು ಬಿದ್ದಿತ್ತು. ನಿದ್ದೆ ಇಲ್ದೆ ಕನಸು ಬೀಳ್ತೈತಾ?"

"ಏನ್ ಕನಸು?"

"ಒಂದು ಗಾಲಿ. ನಿಮ್ಮವ್ವ ಕುಂತಿದ್ ಕಡೆಯಿಂದ ಬಂತು. ನಮ್ ಜತೆಗೆ ಸ್ವಲ್ಪ ದೂರ ಓಡ್ತು. ಆಮ್ಯಾಲೆ ನಮ್ಮನ್ನ ಹಿಂದಾಕಿ ಮುಂದೆ ಹೋತು. ನೆಟ್ಟಗೆ ನಿಂತ್ಕಂಡೇ ಓಡ್ತಿತ್ತು, ದಾರಿ ಗೊತ್ತಿರೋರ ಹಂಗೆ. ರಸ್ತೆ ಬಿಟ್ಟು ಹೊಲಕ್ಕೆ ಇಳೀತು. ನಾನು ಗಾಡಿ ಓಡಿಸ್ತಾನೇ ಇದ್ದೆ. ಗಾಡಿ ನೆಟ್ಟಗೇ ಇತ್ತು. ನಮ್ ಗಾಡಿ ಗಾಲಿ ನಮ್ ಮುಂದೆ ಓಡೋದು ಎಲ್ಲಾದ್ರೂ ಉಂಟಾ ಸುಮಾ? ಕನಸೇ ಅದು."

ಆಮೇಲೆ ಅವರು ಇನ್ನೇನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು.

ಆ ಆಷಾಢ ಮುಗಿದು ಶ್ರಾವಣ ಬಂತು. ಅಂಗಡಿ ತೆರೆದೆವು. ಅಪ್ಪ ಬಂದು ಗಾದಿಯ ಮೇಲೆ ಕೂರುತ್ತಿದ್ದರು. ಆಗ ಒಂದು ವಿಚಿತ್ರ ಶುರುವಾಯಿತು. ಗಿರಾಕಿ ಬಂದು ನಿಂತರೆ ಅವರು ಮಾತಾಡಿಸುವ ಮೊದಲು ನನ್ನ ಕಡೆ ನೋಡುತ್ತಿದ್ದರು. ಮೆಲ್ಲಗೆ ಕೇಳುತ್ತಿದ್ದರು. "ಅಲ್ಲಿ ಒಬ್ರು ನಿಂತವ್ರಾ?" ನಾನು ಹೌದು ಅಂದರೆ ಮಾತ್ರ "ಬರ್ರಿ, ಕುಂತ್ಕಳ್ರಿ" ಅನ್ನುತ್ತಿದ್ದರು. ಊಟದ ನಡುವೆ ಕೈ ನಿಲ್ಲಿಸಿ ಗೋಡೆ ಮುಟ್ಟಿ ನೋಡುತ್ತಿದ್ದರು. ಒಮ್ಮೆ ಸೀರೆ ಮಡಚುತ್ತ ಕೂತಿದ್ದ ನನ್ನನ್ನೇ ಬಹಳ ಹೊತ್ತು ದಿಟ್ಟಿಸಿ, "ನೀನು ಖರೇನೇ ಬಂದೀಯಾ ಇವತ್ತು?" ಅಂದರು. ಅವ್ವ ಹೋದಳೆಂಬ ದುಃಖಕ್ಕಿಂತ ಆ ಪ್ರಶ್ನೆಗೆ ನಾನು ಹೆಚ್ಚು ನಡುಗಿದೆ. ಎಚ್ಚರವನ್ನೇ ನಂಬದ ಮನುಷ್ಯನನ್ನು ಹೇಗೆ ಕಾಪಾಡುವುದು?

ವ್ಯಾನಿನೊಳಗೆ ಅವ್ವನ ಕನ್ನಡಕ ಉಳಿದಿತ್ತು. ಅದನ್ನು ತರಲು ಠಾಣೆಯ ಹಿಂದಿನ ಬಯಲಿಗೆ ಹೋದೆ. ಮುಳ್ಳು ಬೆಳೆದ ಜಾಗ, ಹಳೆಯ ಬೈಕುಗಳ ರಾಶಿಯ ನಡುವೆ ನಮ್ಮ ವ್ಯಾನು. ಹಿಂದಿನ ಎಡಗಾಲಿ ಇರಬೇಕಾದ ಕಡೆ ಮುರಿದ ಕಬ್ಬಿಣದ ಮೂತಿ. ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಹಬ್ಬು ಅದು, ಎತ್ತಿನ ಗಾಡಿಯಲ್ಲಿ ಗುಂಬ ಅನ್ನುತ್ತೇವಲ್ಲ, ಆ ಜಾಗದ್ದು. ಬಗ್ಗಿ ನೋಡಿದೆ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು. ಉಳಿದ ಅಂಚು ಮಾತ್ರ ಹೊಸ ಸ್ಟೀಲಿನ ಹಾಗೆ ಬೆಳ್ಳಗಿತ್ತು. ಒಂದೇ ದಿನ ಮುರಿದ ಕಬ್ಬಿಣಕ್ಕೆ ಎರಡು ಬಣ್ಣ ಹೇಗೆ ಬರುತ್ತದೆ? ಅದರ ಇನ್ನೊಂದು ಅರ್ಧ ಗಾಲಿಯ ಜೊತೆಗೆ ಹೋಗಿತ್ತು.

"ಗಾಲಿ ಎಲ್ಲೈತಣ್ಣ?" ಅಂತ ಪೇದೆಯನ್ನು ಕೇಳಿದೆ.

"ಸಿಗ್ಲಿಲ್ಲ ಮೇಡಂ. ಹೊಲ ಎಲ್ಲ ನೋಡಿದ್ವಿ."

ನಾನೂ ಗಂಡನೂ ಹೋಗಿ ಹುಡುಕಿದೆವು. ಬಟ್ಟಬಯಲು. ಮೇಕೆಮರಿ ಮಲಗಿದ್ದರೂ ಕಾಣುವ ನೆಲ. ಶೇಂಗಾ ಸಾಲುಗಳ ನಡುವೆ ಒಂದು ಗೆರೆ ಇನ್ನೂ ಉಳಿದಿತ್ತು, ಬೆರಳಿನಿಂದ ಎಳೆದ ಹಾಗೆ ನೇರವಾಗಿ. ಅದನ್ನೇ ಹಿಡಿದು ನಡೆದೆವು. ಕಲ್ಲುನೆಲ ಬಂದಲ್ಲಿ ಗೆರೆ ಮುಗಿಯಿತು. ಮುಂದೆ ಇಳಿಜಾರು, ಕುರುಚಲು, ಗಾಳಿ. ಗಾಲಿ ನೆಲದೊಳಗೆ ಇಳಿದುಹೋಗಿತ್ತೋ ಅನ್ನುವ ಹಾಗೆ.

ಕೆಲವು ದಿನಗಳ ಮೇಲೆ ಸಂತೆಪೇಟೆಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದೆ. ಹಿಂದಿನಿಂದ ಆ ಸದ್ದು ಬಂತು. ಗುಂಯ್. ತಿರುಗಿದರೆ ಅದೇ ಮಾದರಿಯ ವ್ಯಾನು, ಅದೇ ಬಿಳಿ ಬಣ್ಣ, ನಿಧಾನವಾಗಿ ಜನರ ನಡುವೆ ಬರುತ್ತಿತ್ತು. ಒಂದು ಗಳಿಗೆ ಮುಂದಿನ ಸೀಟಿನಲ್ಲಿ ಅವ್ವ ಕೂತಿರಬಹುದೆಂದು ನೋಡಿದೆ. ಕೂತಿದ್ದವರು ಹಣ್ಣಿನ ವ್ಯಾಪಾರಿ ದಸ್ತಗೀರ್ ಸಾಬರು. ನಾನು ಹೋಗಿ ವ್ಯಾನಿನ ಮುಂದೆ ನಿಂತುಬಿಟ್ಟೆ.

"ಅರೆ, ಏನಮ್ಮಾ? ಸರೀರಿ!"

"ಸಾಬ್ರೇ, ಈ ಸದ್ದು ಯಾವಾಗಿಂದ ಐತೆ?"

"ಯಾವ ಆವಾಜು? ಇದಾ? ಗಾಳಿ ಅಂತೆ. ಶೋರೂಮಿನೋರು ಹೇಳವ್ರೆ."

ಅಲ್ಲೇ ಎದುರಿಗಿದ್ದ ಗ್ಯಾರೇಜಿನವನನ್ನು ಕರೆದೆ. ಅವನಿಗೆ ಮನಸ್ಸಿರಲಿಲ್ಲ. ಗಾಳಿಯೇ ಇರಬೇಕು, ಗಾಡಿ ಹೊಸದು ಅಂದ. ನಾನು ಬಿಡಲಿಲ್ಲ. ಜಾಕ್ ಕೊಟ್ಟು ಹಿಂದಿನ ಗಾಲಿ ಎತ್ತಿ ಅಲ್ಲಾಡಿಸಿದರೆ, ಸಡಿಲವಾದ ಹಲ್ಲಿನ ಹಾಗೆ ಅದು ಕೈಯಲ್ಲಿ ಆಡಿತು. ಬಿಚ್ಚಿದಾಗ ಹಬ್ಬಿನ ಸುತ್ತ ಕೂದಲೆಳೆಯ ಕಪ್ಪು ಗೆರೆ. ದಸ್ತಗೀರ್ ಸಾಬರು ಅದರ ಮೇಲೆ ಉಗುರು ಓಡಿಸಿದರು. ಬೆಳಿಗ್ಗೆ ಮೊಮ್ಮಕ್ಕಳನ್ನು ಅದೇ ವ್ಯಾನಿನಲ್ಲಿ ಮದರಸಾಕ್ಕೆ ಬಿಟ್ಟು ಬಂದಿದ್ದರು.

"ಕಸಂ ಸೆ" ಎಂದು ಆಣೆ ಇಟ್ಟರು ಕೊನೆಗೆ, "ನಾನೂ ಗಾಳೀನೇ ಅನ್ಕಂಡಿದ್ದೆ."

ಆಮೇಲೆ ಅವರೇ ನನ್ನ ಜೊತೆ ನಿಂತರು. ಸಂತೆಗಳಿಗೆ ಹೋಗುವ ಮನುಷ್ಯ, ಎಲ್ಲ ಊರಿನವರೂ ಗೊತ್ತು. ಅದೇ ಮಾದರಿ ಕೊಂಡವರನ್ನು ಹುಡುಕಿ ಕರೆತಂದರು. ಎಲ್ಲರ ಕಥೆಯೂ ಸದ್ದಿನಿಂದಲೇ ಶುರುವಾಗುತ್ತಿತ್ತು. ರಾಂಪುರದ ಹಾಲಿನವರ ವ್ಯಾನಿನ ಗಾಲಿ ಓಡುವಾಗ ಬಿದ್ದದ್ದೂ ಅಲ್ಲ. ಮನೆಯ ಮುಂದೆ ನಿಂತಿತ್ತು, ಹೆಂಗಸರು ನೀರು ಹಾಕಿ ತೊಳೆಯುತ್ತಿದ್ದರು. ಯಾರೋ ಕಾಲು ಮಡಚಿದ ಹಾಗೆ ವ್ಯಾನು ತಾನೇ ಕೂತುಕೊಂಡಿತಂತೆ. ದೆವ್ವ ಹಿಡಿದಿದೆಯೆಂದು ಅವರು ಅದಕ್ಕೆ ಮಂತ್ರಿಸಿದ ದಾರದ ತಡೆ ಕಟ್ಟಿಸಿದ್ದರು. ಯಾರಿಗೂ ದೂರು ಕೊಡಬೇಕೆಂದು ಹೊಳೆದೇ ಇರಲಿಲ್ಲ. ಚಿತ್ರದುರ್ಗದಲ್ಲಿ ಒಬ್ಬ ಮಹಿಳಾ ವಕೀಲರನ್ನು ಕಂಡೆವು. ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂದರು ಆಕೆ. "ಆದರೆ ನಿಮ್ಮ ತಂದೆಯೇ ನಿದ್ದೆ ಅಂತ ಹೇಳಿಕೆ ಕೊಟ್ಟಿದ್ದಾರೆ. ಗಾಲಿ ಮೊದಲು ಕಳಚಿತೋ, ವ್ಯಾನು ಮೊದಲು ಬಿತ್ತೋ, ಅದು ತಿಳಿಯಬೇಕು. ಆ ಗಾಲಿ ಬೇಕಮ್ಮ."

ಗಾಲಿಯ ಸುದ್ದಿ ತಂದವರೂ ದಸ್ತಗೀರ್ ಸಾಬರೇ. ಅಂಗಡಿಗೆ ಬಂದು, ಅಪ್ಪನಿಗೆ ಕೇಳದ ಹಾಗೆ ಹೇಳಿದರು. "ತಳಕಿನ ಆಚೆ ಒಂದು ಹಟ್ಟೀಲಿ ಗಾಲಿ ಕಟ್ಟಿಹಾಕವ್ರಂತೆ. ಸರಪಳೀಲಿ."

ಹೋದೆವು. ಕಲ್ಲುನೆಲದ ಇಳಿಜಾರಿನ ಕೊನೆಗೆ, ರಸ್ತೆಗೆ ಕಾಣದ ತಗ್ಗಿನಲ್ಲಿ ಆ ಹಟ್ಟಿ. ಸುತ್ತ ಮುಳ್ಳಿನ ಬೇಲಿ, ನಡುವೆ ದೇವರ ಕಟ್ಟೆ, ಕಟ್ಟೆಗೆ ಬೇವಿನ ಮರ. ಮರದ ಬುಡಕ್ಕೆ ಎತ್ತಿನ ಸರಪಳಿಯಲ್ಲಿ ನಮ್ಮ ಗಾಲಿಯನ್ನು ಬಿಗಿದಿದ್ದರು. ಟೈರಿಗೆ ಅರಿಶಿನ ಬಳಿದಿದ್ದರು. ನಡುವಿನ ಮುರಿದ ಕಬ್ಬಿಣಕ್ಕೆ ಕುಂಕುಮ ಮೆತ್ತಿ, ಬಾಡಿದ ಕಣಗಿಲೆ ಹೂವು ಸಿಕ್ಕಿಸಿದ್ದರು. ಗಾಳಿ ಬಂದಾಗೆಲ್ಲ ಗಾಲಿ ಸ್ವಲ್ಪ ಮಿಸುಕುತ್ತಿತ್ತು, ಸರಪಳಿ ಕಿಣಿ ಅನ್ನುತ್ತಿತ್ತು. ಹಟ್ಟಿಯ ನಾಯಿಗಳು ಅದರ ಹತ್ತಿರ ಮಲಗಿರಲಿಲ್ಲ.

ಕಂಬಳಿ ಹೊದ್ದ ಒಬ್ಬ ಅಜ್ಜಿ ಎದ್ದು ಬಂದರು. ಪಾಲಜ್ಜಿ ಅಂತ ಅವರ ಹೆಸರು. ಆ ಕಡೆಯವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಬೆರೆತಿರುತ್ತದೆ.

"ಎವರಮ್ಮಾ, ಯಾರು ನೀವು? ಗಾಲಿ ನೋಡಾಕೆ ಬಂದ್ರಾ? ದೂರ ನಿಂತು ನೋಡ್ರಿ. ಮುಟ್ಟಬ್ಯಾಡ್ರಿ."

"ಯಾಕಜ್ಜಿ ಕಟ್ಟೀರಿ?"

"ಅದೇ ವಚ್ಚಿಂದಮ್ಮಾ. ತಾನಾಗೇ ಬಂತಂತೆ, ಹಟ್ಟಿಯಾಗಿದ್ದೋರು ಕಂಡವ್ರೆ. ಬೇಲಿ ಬಾಗ್ಲಲ್ಲೇ ಬಂತು ನೋಡು, ನೆಂಟರ ಹಂಗೆ. ಕೋಳಿ ಎಲ್ಲ ಗಪ್‌ಚಿಪ್ ಆದ್ವು. ಕಟ್ಟೆ ಸುತ್ತ ಒಂದು ಸುತ್ತು ಹಾಕಿ ಮರಕ್ಕೆ ಒರಗಿ ನಿಂತ್ಕಂತು. ಹೊಗೆ ಬರ್ತಿತ್ತು. ನೀರು ಹುಯ್ದ್ರೆ ಬುಸ್ ಅಂತು. ಒಂದು ಜೀವ ತಗಂಡು ಬಂದಿದ್ದು ಅದು. ಬಿಟ್ರೆ ಇನ್ಯಾರ ಮನಿಗೆ ಹೋಗ್ತೈತೋ. ಅದಕ್ಕೇ ಕಟ್ಟಿವಿ."

ನಾನು ಆ ಜೀವದ ಮಗಳು ಅಂದೆ. ಪಾಲಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. "ಆಯಮ್ಮನ್ನ ಈಚೆ ಎತ್ತಿದೋಳು ನಾನೇ. ಕಂಬಳಿ ನಂದೇ" ಅಂದರು. ಅತ್ತರು. ಗಾಲಿ ಕೊಡಿರೆಂದು ಕೇಳಿದಾಗ ಮಾತ್ರ ತಲೆಯಾಡಿಸಿದರು. ಸತ್ತವರ ಮನೆಗೆ ಅದು ತಿರುಗಿ ಹೋಗಬಾರದು, ಹೋದರೆ ಉಳಿದವರನ್ನೂ ಬಿಡುವುದಿಲ್ಲ ಅಂದರು. ವಕೀಲರು, ಆಯೋಗ, ಪರೀಕ್ಷೆ ಅಂತ ನಾನು ಹೇಳಿದ್ದೆಲ್ಲ ಅವರಿಗೆ ಬೇಕಿರಲಿಲ್ಲ. ಕೊನೆಗೆ ಅಪ್ಪನ ವಿಷಯ ಹೇಳಿದೆ. ಅವರು ಗಿರಾಕಿಗಳನ್ನು ನಂಬದ್ದು, ಗೋಡೆ ಮುಟ್ಟುವುದು, ಗಾಲಿ ಓಡಿದ್ದು ಕನಸು ಅನ್ನುವುದು.

ಪಾಲಜ್ಜಿ ಗಾಲಿಯ ಕಡೆ ತಿರುಗಿ ನೋಡಿದರು. "ಕರ್ಕಂಡು ಬಾ ಆತನ್ನ" ಅಂದರು.

ಅಪ್ಪ ಬರಲು ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮರುದಿನ ಏನೂ ಕೇಳದೆ ಚಪ್ಪಲಿ ಮೆಟ್ಟಿ ಹೊರಟರು. ದಸ್ತಗೀರ್ ಸಾಬರು ಯಾರದೋ ಗೂಡ್ಸ್ ಆಟೋ ತಂದಿದ್ದರು. ಹಟ್ಟಿಯ ಬೇಲಿಬಾಗಿಲಲ್ಲಿ ಅಪ್ಪ ನಿಂತುಬಿಟ್ಟರು. ಅವರ ಕೈ ನನ್ನ ತೋಳನ್ನು ಹುಡುಕಿತು.

"ಸುಮಾ. ಅಲ್ಲಿ ಮರದ ಬುಡಕ್ಕೆ ಗಾಲಿ ಐತಾ?"

"ಐತಪ್ಪಾ."

"ನಿಂಗೂ ಕಾಣ್ತೈತಾ?"

"ಎಲ್ರಿಗೂ ಕಾಣ್ತೈತೆ."

ಪಾಲಜ್ಜಿ ಬಂದು ಅವರ ಎದುರಿಗೆ ನೆಲದ ಮೇಲೆ ಕೂತರು. ಅಪ್ಪನೂ ಕೂತರು.

"ಯಜಮಾನ, ನನ್ನ ಗುರ್ತು ಹತ್ತಿತಾ?" ಅಂದರು ಅಜ್ಜಿ. "ರಸ್ತೆ ಬದೀಲಿ ಮೇಕೆ ಮೇಯಿಸ್ತಿದ್ದೆ. ನೀನು ದೂರದಿಂದ್ಲೇ ಹಾರನ್ ಹೊಡ್ಕಂತಾ ಬಂದೆ. ಒಂದು ಮೇಕೆ ರಸ್ತೆಗೆ ಬಂತು, ನೀನು ಗಾಡಿ ನಿಧಾನ ಮಾಡಿದೆ."

ಅಪ್ಪನ ತುಟಿ ಅಲುಗಿತು. "ಕರೀದು. ಕುಂಟ್ತಿತ್ತು."

"ಅದೇ. ಕುಂಟುಮೇಕೆ. ಅಲ್ಲೇ ಕಟ್ಟೀನಿ ನೋಡು. ನೀನು ಬೈದೆ ನನ್ನ. ನಾನೂ ಬೈದೆ. ದಾಟಿ ಹೋದೆ. ಸ್ವಲ್ಪ ಮುಂದಕ್ಕೆ ಹೋಗಿದ್ದೆ, ಗಾಲಿ ಈಚೆ ಬಂತು. ನಿಮ್ ಪಕ್ಕದಾಗೆ ಓಡ್ತು, ಮುಂದೆ ಹೋತು, ಹೊಲಕ್ಕೆ ಬಿತ್ತು. ಗಾಡಿ ಇನ್ನೂ ನೆಟ್ಟಗೇ ಹೋಗ್ತಿತ್ತು, ಮೂರು ಗಾಲೀಲಿ. ನಾನು ಬಾಯಿ ತಕ್ಕಂಡು ನೋಡ್ತಿದ್ದೆ. ಆಮ್ಯಾಲೆ ಗಾಡಿ ವಾಲ್ತು, ಬಿತ್ತು. ಠಾಣೆಯೋರು ನನ್ನ ಒಂದು ಮಾತೂ ಕೇಳ್ಲಿಲ್ಲ. ನಿದ್ದೆ ಮಾಡೋನು ಕುಂಟುಮೇಕೆಗೆ ಬೈತಾನಾ? ನೀನು ಎಚ್ರ ಇದ್ದೆ ಕಣಪ್ಪ. ನೀನು ಕಂಡಿದ್ದನ್ನೇ ನಾನೂ ಕಂಡೀನಿ."

ಅಪ್ಪ ಎದ್ದು ಗಾಲಿಯ ಹತ್ತಿರ ಹೋದರು. ಯಾರೂ ತಡೆಯಲಿಲ್ಲ. ಮೊದಲು ಬೆರಳ ತುದಿ, ಆಮೇಲೆ ಅಂಗೈ, ಆಮೇಲೆ ಎರಡೂ ಕೈಗಳನ್ನು ಟೈರಿನ ಮೇಲೆ ಇಟ್ಟರು. ಅರಿಶಿನ ಕೈಗೆ ಹತ್ತಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಪಾಲಜ್ಜಿ ಸರಪಳಿಯ ಕೊಂಡಿ ತಾವೇ ತೆಗೆದರು. "ಆತನ್ದು. ಆತನೇ ಒಯ್ಲಿ" ಅಂದರು.

ದೂರಿನ ಕಥೆಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನಾವೆಲ್ಲ ಸೇರಿ ಆಯೋಗದ ಮುಂದೆ ಹೋದೆವು. ಕಂಪನಿಯ ಕಡೆಯವರು ಮೊದಲು ನಿದ್ದೆ ಅಂದರು, ಆಮೇಲೆ ಕೆಟ್ಟ ರಸ್ತೆ ಅಂದರು, ಆಮೇಲೆ ಮಿತಿಮೀರಿದ ಭಾರ ಅಂದರು. ಭಾರ ಯಾವುದೆಂದು ಕೇಳಿದಾಗ ನಮ್ಮ ವಕೀಲರು ರೇಷ್ಮೆ ಸೀರೆ ಎಂದಷ್ಟೇ ಹೇಳಿ ಕೂತರು. ಗಾಲಿಯೊಳಗಿನ ತುಂಡನ್ನೂ ಠಾಣೆಯ ಬಯಲಿನ ತುಂಡನ್ನೂ ಕೂಡಿಸಿದಾಗ ಒಂದಕ್ಕೊಂದು ಬಾಯಿ ಮುಚ್ಚಿದ ಹಾಗೆ ಹೊಂದಿದವು. ಎರಡರಲ್ಲೂ ಅದೇ ಕಪ್ಪು, ಅದೇ ಬಿಳಿ. ಕಪ್ಪು ಭಾಗ ಬಹಳ ಮೊದಲೇ ಬಿರಿದಿತ್ತು, ಎರಕದಲ್ಲೇ ದೋಷವಿತ್ತು, ಆ ಗುಂಯ್ ಸದ್ದು ಬಿರುಕು ಬೆಳೆಯುವಾಗಿನದು ಎಂದು ಪರೀಕ್ಷೆ ಮಾಡಿದ ತಜ್ಞರು ಹೇಳಿದರು. ಹಿಂದೆ ಭಾರವಿಲ್ಲದ್ದರಿಂದ ವ್ಯಾನು ಒಂದು ಗಳಿಗೆ ಮೂರು ಗಾಲಿಯ ಮೇಲೆ ನಿಲ್ಲುವುದು ಸಾಧ್ಯ ಅಂದರು. ಪಾಲಜ್ಜಿ ಬಂದು ಸಾಕ್ಷಿ ಹೇಳಿದರು. ಅಷ್ಟು ದೂರ ನಿಮಗೆ ಕಣ್ಣು ಕಾಣುತ್ತದೆಯೇ ಎಂದು ಆ ಕಡೆಯ ವಕೀಲರು ಕೇಳಿದಾಗ, "ಮೇಕೆ ಕಾಯೋರಿಗೆ ದೂರದ್ದೇ ಕಾಣೋದು" ಅಂದರು. ಆದೇಶ ನಮ್ಮ ಕಡೆ ಬಂತು. ಆ ಮಾದರಿಯ ವ್ಯಾನುಗಳನ್ನೆಲ್ಲ ಕರೆಸಿ ಹಬ್ಬು ಬದಲಾಯಿಸಬೇಕಾಯಿತು. ಅಪ್ಪನ ಮೇಲಿನ ಕೇಸು ಬಿದ್ದುಹೋಯಿತು. ತಪ್ಪಾಯಿತು ಅನ್ನುವ ಮಾತು ಮಾತ್ರ ಕಂಪನಿಯಿಂದ ಇವತ್ತಿನವರೆಗೂ ಬಂದಿಲ್ಲ. ಶೋರೂಮಿನ ಮುಂದೆ ಬಿಳಿ ವ್ಯಾನುಗಳು ಸಾಲಾಗಿ ನಿಂತದ್ದನ್ನು ನಾನೊಮ್ಮೆ ಹೋಗಿ ನೋಡಿಬಂದೆ. ಅಷ್ಟು ಮನೆಗಳ ಮುಂದೆ ಅವು ದಿನಾ ನಿಂತಿದ್ದವಲ್ಲ.

ಆದರೆ ಇವೆಲ್ಲ ಆಮೇಲಿನವು. ನಾನು ಹೇಳಬೇಕೆಂದಿದ್ದದ್ದು ಹಟ್ಟಿಯಿಂದ ತಿರುಗಿ ಬಂದ ಆ ಮಧ್ಯಾಹ್ನದ್ದು.

ಆಟೋದ ಹಿಂದೆ, ತೆರೆದ ಪೆಟ್ಟಿಗೆಯಲ್ಲಿ, ಗಾಲಿಯನ್ನು ಮಲಗಿಸಿದ್ದೆವು. ಅದರ ಒಂದು ಪಕ್ಕಕ್ಕೆ ಅಪ್ಪ, ಇನ್ನೊಂದು ಪಕ್ಕಕ್ಕೆ ನಾನು. ಹೆದ್ದಾರಿ ಹತ್ತಿದೆವು. ಅವ್ವ ಬಿದ್ದ ಹಳ್ಳದ ಪಕ್ಕವೇ ಹಾದೆವು. ಅಲ್ಲಿ ಒಂದು ಜಾಲಿ ಗಿಡದಲ್ಲಿ ಮಾವಿನಹಣ್ಣಿನ ಬಣ್ಣದ ರೇಷ್ಮೆಯ ಒಂದು ಚೂರು ಇನ್ನೂ ಸಿಕ್ಕಿಕೊಂಡಿತ್ತು, ಬಿಸಿಲಿಗೆ ಮಾಸಿ. ಅಪ್ಪ ಅದನ್ನು ನೋಡಿದರು. ಇದು ಇದೆಯೇ ಎಂದು ನನ್ನನ್ನು ಕೇಳಲಿಲ್ಲ.

ಸ್ವಲ್ಪ ದೂರ ಬಂದ ಮೇಲೆ ಅವರ ಮುಖ ಬದಲಾಯಿತು. ಏನೋ ಲೆಕ್ಕ ತಪ್ಪಿದವರ ಹಾಗೆ ಹುಬ್ಬು ಗಂಟಿಕ್ಕಿದರು.

"ಹಂಗಾರೆ..." ಅಂದರು. ನಿಲ್ಲಿಸಿದರು. "ಹಂಗಾರೆ ನಿಮ್ಮವ್ವ ನಕ್ಕಿದ್ದೂ ಖರೇನೇ."

ಆಟೋದ ಸದ್ದಿಗೆ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಮುಂದೆ ಬಾಗಿದೆ.

"ಗಾಲಿ ಮೊದ್ಲು ಕಂಡಿದ್ದು ಅವಳಿಗೇ. ಅವಳ ಕಡೆ ಅಲ್ವಾ ಓಡ್ತಿದ್ದಿದ್ದು. 'ಅಯ್ಯ, ನೋಡ್ರಿಲ್ಲಿ, ಯಾರ್ದೋ ಗಾಲಿ ಓಡೋಗ್ತಾ ಐತೆ' ಅಂದ್ಲು. ಸಣ್ಣ ಹುಡ್ಗಿ ಹಂಗೆ ಸೆರಗು ಬಾಯಿಗೆ ಇಟ್ಕಂಡು ನಕ್ಳು. 'ಪಾಪ, ಯಾರ್ದೋ ಏನೋ, ಹುಡುಕ್ಕಂತಿರ್ತಾರೆ' ಅಂದ್ಲು. ಅವಳು ನಗೋದು ನೋಡಿ ನಾನೂ ನಕ್ಕೆ." ಅಪ್ಪ ಗಾಲಿಯ ಮೇಲಿನ ಕೈ ತೆಗೆದು ಬಾಯಿ ಒರೆಸಿಕೊಂಡರು. ಮೀಸೆಗೆಲ್ಲ ಅರಿಶಿನವಾಯಿತು. "ಅದೂ ಕನಸಿಂದೇ ಅನ್ಕಂಡು ಯಾರಿಗೂ ಹೇಳಿರ್ಲಿಲ್ಲ ನಾನು. ಹೆಂಡ್ತಿ ಸಾಯೋ ಹೊತ್ನಾಗೆ ನಗೋ ಕನಸು ಬಿತ್ತು ಅಂತ ಯಾರಿಗೆ ಹೇಳ್ಲಿ?"

ಚಳ್ಳಕೆರೆ ಬರುವವರೆಗೂ ಅವರು ಆ ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು, ಒಂದೊಂದು ಸಲ ಒಂದೊಂದು ರಾಗದಲ್ಲಿ, ಅವ್ವ ಹೇಳಿದ ಸರಿಯಾದ ದನಿ ಸಿಗುವವರೆಗೂ. "ಯಾರ್ದೋ ಗಾಲಿ ಅಂದ್ಲು. ಯಾರ್ದೋ ಗಾಲಿ."